ಬಾಯಿ ಬಿಟ್ಟ ಕುರ್ಚಿಗಳು

ನಮ್ಮ ಪೀಣ್ಯದ ಶೆಡ್ಡಿನಲ್ಲಿ ‘ಬಾಯಿ ಮುಚ್ಚಿಸೋದು’ ಅಂದರೆ ಯಾರನ್ನೋ ಗದರುವುದಲ್ಲ. ಅಲ್ಯೂಮಿನಿಯಂ ಸಾಮಾನನ್ನು ಆಸಿಡ್ ತೊಟ್ಟಿಗೆ ಇಳಿಸಿ ಕರೆಂಟ್ ಹರಿಸಿದರೆ ಅದರ ಮೈಮೇಲೆ ಗಟ್ಟಿ ಪೊರೆ ಕಟ್ಟುತ್ತದೆ. ಮಳೆ, ಬಿಸಿಲು, ಈಜುಕೊಳದ ನೀರು ಯಾವುದಕ್ಕೂ ಅದು ಜಗ್ಗುವುದಿಲ್ಲ. ಆದರೆ ಪೊರೆಯ ತುಂಬ ಕಣ್ಣಿಗೆ ಕಾಣದ ತೂತುಗಳು. ಕುದಿಯುವ ನೀರಿನಲ್ಲಿ ಅದ್ದಿ ಅವನ್ನು ಮುಚ್ಚಿಸಬೇಕು, ಅದೇ ಬಾಯಿ ಮುಚ್ಚಿಸೋದು. ಅದಕ್ಕೆ ಮೊದಲು ಯಾವ ಬಣ್ಣ ತಾಗಿದರೂ ಕುಡಿದುಬಿಡುತ್ತದೆ, ಆಮೇಲೆ ಏನು ತಿಕ್ಕಿದರೂ ಹೋಗದು.

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಗಂಡ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಈ ಶೆಡ್ ಹಾಕಿದರು. ಅತ್ತೆಗೆ ಅದು ಸುತರಾಂ ಇಷ್ಟವಿರಲಿಲ್ಲ. “ಪರ್ಮನೆಂಟ್ ಕೆಲ್ಸ ಬಿಟ್ಟು ಪಾತ್ರೆ ತೊಳಿಯೋಕ್ ಹೋದ” ಎಂದು ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು. ಒಂದು ದಿನವೂ ಶೆಡ್ಡಿಗೆ ಕಾಲಿಟ್ಟವರಲ್ಲ. ಹಾಗಿರುವಾಗ ಮೊದಲ ದೊಡ್ಡ ಆರ್ಡರ್ ಸಿಕ್ಕಿತು: ಹೊಸ ಹೋಟೆಲೊಂದರ ಈಜುಕೊಳದ ಸುತ್ತ ಹಾಕುವ ಬೆಳ್ಳಿ ಬಣ್ಣದ ಕುರ್ಚಿಗಳು. ಇದು ಕೈಹಿಡಿದರೆ ಶೆಡ್ ಉಳಿಯುತ್ತದೆ, ಇಲ್ಲವಾದರೆ ಅತ್ತೆಯ ಮಾತೇ ನಿಜವಾಗುತ್ತದೆ.

ಆಯುಧಪೂಜೆಯ ಹಿಂದಿನ ದಿನ ಕುರ್ಚಿಗಳು ಆಸಿಡ್ ತೊಟ್ಟಿಯಿಂದ ಹೊರಬಂದವು. ಸರಿಯಾಗಿ ಆಗಲೇ ಹಾಳು ಕರೆಂಟ್ ಹೋಯಿತು. ನೀರು ಕುದಿಸುವಂತಿಲ್ಲ. ಮರುದಿನ ಪೂಜೆ, ಪೂಜೆಗಿಟ್ಟ ಸಲಕರಣೆಯನ್ನು ಆ ದಿನ ಯಾರೂ ಮುಟ್ಟುವುದಿಲ್ಲ. “ಬಾಯಿ ಬಿಟ್ಕೊಂಡಿವೆ ಕಣ್ರೋ, ಯಾರೂ ಕೈ ಹಾಕ್ಬೇಡಿ” ಎಂದು ನನ್ನ ಗಂಡ ಕೆಲಸದವರಿಗೆಲ್ಲ ಹೇಳಿದರು.

ಪೂಜೆಯ ದಿನ ನೋಡಿದರೆ ಅತ್ತೆ! ದೊಡ್ಡ ಆರ್ಡರಿನ ಸುದ್ದಿ ಕಿವಿಗೆ ಬಿದ್ದಿತ್ತೇನೋ. ರೇಷ್ಮೆ ಸೀರೆ ಉಟ್ಟು, ಕುಂಕುಮ ಕಲಸಿದ ಬಟ್ಟಲು ಹಿಡಿದು ಆಟೋದಿಂದ ಇಳಿದರು. ತೊಟ್ಟಿಗೆ ಹಚ್ಚಿದರು, ಸ್ವಿಚ್‌ಬೋರ್ಡಿಗೆ ಹಚ್ಚಿದರು. ಆಮೇಲೆ ಕುರ್ಚಿಗಳ ಹತ್ತಿರ ಹೋಗಿ ಒಂದೊಂದರ ಬೆನ್ನಿಗೂ ಮೂರು ಬೆರಳು ಎಳೆದರು.

“ನನ್ ಮಗನ್ ಕೈಯಲ್ಲಿ ಎಷ್ಟು ಲಕ್ಷಣವಾಗ್ ಬಂದಿವೆ ನೋಡೇ. ದೃಷ್ಟಿ ಆಗ್ಬಾರ್ದು.”

ಅತ್ತೆಯನ್ನು ತಡೆಯಲಿ ಎಂದು ನಾನು ಗಂಡನ ತೋಳು ಚಿವುಟಿದೆ. “ಕೊನೆಗೂ ಬಂದಿದ್ದಾಳೆ ಕಣೆ, ಬೇಡ ಅಂತ ಹೆಂಗ್ ಹೇಳ್ಲಿ? ತೊಳೆದ್ರೆ ಹೋಗ್ಬೋದು ಬಿಡು” ಎಂದು ಪಿಸುಗುಟ್ಟಿದರು.

ಹೋಗಲಿಲ್ಲ. ತೊಳೆದು, ಕುದಿನೀರಿಗೆ ಇಳಿಸಿ ತೆಗೆದರೆ ಕೆಂಪು ಗೆರೆಗಳು ಒಳಗೇ ಕೂತಿದ್ದವು. ಮತ್ತೆ ಮಾಡಲು ಸಮಯವಿರಲಿಲ್ಲ.

ಹೋಟೆಲಿನವರು ಸಾಮಾನು ನೋಡಲು ಬಂದ ದಿನ ಅತ್ತೆಯೂ ಅದೇ ರೇಷ್ಮೆ ಸೀರೆ ಉಟ್ಟು, ಚಕ್ಕುಲಿ ಡಬ್ಬಿ ಹಿಡಿದು ಬಂದಿದ್ದರು. ಈಗೀಗ ಅವರಿಗೆ ಶೆಡ್ಡೆಂದರೆ ಹೆಮ್ಮೆ. ಕಲೆಯ ವಿಷಯ ನಾವು ಅವರಿಗೆ ಹೇಳಿರಲಿಲ್ಲ.

“ಏನ್ರೀ ಇದು, ರಕ್ತಾನಾ?” ಎಂದ ಹೋಟೆಲಿನವನು.

“ನನ್ ತಪ್ಪು ಸಾರ್. ಏನೋ ಕೆಮಿಕಲ್ ತಾಗಿದೆ” ಎಂದು ನನ್ನ ಗಂಡ ತಲೆ ತಗ್ಗಿಸಿದರು.

ಅತ್ತೆ ಡಬ್ಬಿ ಕೆಳಗಿಟ್ಟು ಮುಂದೆ ಬಂದರು. “ಅವನಲ್ಲ ಸಾರ್. ನಾನು ಹಚ್ಚಿದ್ ಕುಂಕುಮ. ಈಗ್ಲೇ ಒರೆಸ್ಕೊಡ್ತೀನಿ.” ಸೆರಗನ್ನು ಬಕೆಟ್ಟಿನ ನೀರಿಗೆ ಅದ್ದಿ ಕುರ್ಚಿಯ ಬೆನ್ನು ತಿಕ್ಕತೊಡಗಿದರು. ತಿಕ್ಕಿದರು, ತಿಕ್ಕಿದರು. ಕೆಲಸದವರೆಲ್ಲ ನೋಡುತ್ತ ನಿಂತಿದ್ದರು. ಹೋಟೆಲಿನವನು ತನ್ನ ಬೂಟು ನೋಡಿಕೊಂಡು, “ಬಿಡೀಮ್ಮ” ಎಂದವನೇ ಹೊರಟುಹೋದ. ಅಯ್ಯೋ, ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆರ್ಡರ್ ಹೋದ ನಾಚಿಕೆ ಒಂದು ಕಡೆ. ಒದ್ದೆ ರೇಷ್ಮೆ ಸೆರಗು ಹಿಡಿದು ಕೂತ ಆ ಹೆಂಗಸನ್ನು ಎಲ್ಲರೆದುರು ನೋಡಬೇಕಾಗಿ ಬಂದದ್ದೇ ಹೆಚ್ಚು ಸುಟ್ಟಿತು.

ಕಿಟಕಿ ಹಿಡಿಕೆ, ಸೋಪಿನ ಡಬ್ಬಿ ಅಂತ ಏನೇನೋ ಚಿಲ್ಲರೆ ಕೆಲಸ ಹಿಡಿದು ಶೆಡ್ ಹೇಗೋ ಉಳಿಯಿತು. ಮುಂದಿನ ವರ್ಷ ಆಯುಧಪೂಜೆಗೆ ನಾನೇ ಹೋಗಿ ಅತ್ತೆಯನ್ನು ಕರೆದೆ. ಬಂದರು. ಬಟ್ಟಲನ್ನು ನನ್ನ ಕೈಗಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬಾಗಿಲಲ್ಲೇ ನಿಂತರು.

“ನೀನೇ ಹಚ್ಚು ಕಣಮ್ಮ. ನನ್ ಕೈ ಬೇಡ.”

“ಎಲ್ಲಾದಕ್ಕೂ ಬಾಯಿ ಮುಚ್ಚಿಸಿದೀವಿ ಅತ್ತೆ, ಏನೂ ಆಗಲ್ಲ, ಹಚ್ಚಿ” ಎಂದೆ.

ಅವರು ಕೈ ಹೊರಗೆ ತೆಗೆಯಲಿಲ್ಲ.