ಬರಿಗಾಲಿನ ಮಾರ್ಕರ್

ಅವನ ಬಲಗೈ ಒಬ್ಬನದು, ಎಡಗೈ ಇನ್ನೊಬ್ಬನದು ಅನ್ನಿಸುತ್ತಿತ್ತು. ಬಲಗೈ ಒನಕೆಯ ಹಾಗೆ ದಪ್ಪ, ಎಡಗೈ ನರಪೇತಲ. ಹಾಸನದ ನಮ್ಮ ಕ್ಲಬ್ಬಿನಲ್ಲಿ ಅವನು ಮಾರ್ಕರ್. ಅಂದರೆ ಟೆನಿಸ್ ಕೋರ್ಟು ನೋಡಿಕೊಂಡು, ಮೆಂಬರುಗಳಿಗೆ ಆಟ ಕಲಿಸಿ, ಜೊತೆಗಾರರಿಲ್ಲದ ದಿನ ತಾನೇ ಅವರೆದುರು ಆಡಿ ಸಂಬಳ ತೆಗೆದುಕೊಳ್ಳುವವನು. ಬೆಳಿಗ್ಗೆ ಎದ್ದು ಕೋರ್ಟಿಗೆಲ್ಲ ಸಗಣಿ ಸಾರಿಸಿ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಆಡುವುದು ಬರಿಗಾಲಲ್ಲೇ. "ಬೂಟ್ ಆಕ್ಕಂಡ್ರೆ ನೆಲ ಕಾಲಿಗೆ ಗೊತ್ತಾಗಕಿಲ್ಲ ಸಾ" ಅನ್ನುತ್ತಿದ್ದ.

ನಾನು ಹೊಳೆನರಸೀಪುರದಿಂದ ಬಂದು ಹಾಸನದಲ್ಲಿ ವಕೀಲಿ ಶುರು ಮಾಡಿದ್ದ ಕಾಲ ಅದು. ಕ್ಲಬ್ಬಿನ ವರ್ಷದ ಟೂರ್ನಮೆಂಟು ಶುರುವಾದದ್ದು ನಾಲ್ಕು ಜನ ಆಫೀಸರುಗಳು ಬೋಂಡ ಕಾಫಿಗೆ ಪಂದ್ಯ ಕಟ್ಟಿ ಆಡಿದ್ದರಿಂದ. ಆಮೇಲೆ ಯಾರೋ ಬೆಳ್ಳಿ ಕಪ್ಪು ಕೊಟ್ಟರು. ಅರಕಲಗೂಡಿನ ಡಾಕ್ಟರು, ಚನ್ನರಾಯಪಟ್ಟಣದ ಅಮಲ್ದಾರರು ಬಸ್ಸು ಹತ್ತಿ ಬರತೊಡಗಿದರು. ಯುದ್ಧ ಬಂದು ಹೊಸ ಚೆಂಡೇ ಸಿಗದಾದಾಗಲೂ ಟೂರ್ನಮೆಂಟು ನಿಲ್ಲಲಿಲ್ಲ. ಮಾರ್ಕರ್ ಸವೆದ ಚೆಂಡುಗಳನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು, ಮೇಲಿನ ಉಣ್ಣೆಯ ಜುಂಗು ಎಬ್ಬಿಸಿ ಕೊಡುತ್ತಿದ್ದ. ಆ ಕಪ್ಪನ್ನು ನಾನು ಮೂರು ಸಲ ಗೆದ್ದೆ.

ಗೆದ್ದು ಏನು ಬಂತು, ಮಣ್ಣು! ಕಪ್ಪು ಹಿಡಿದು ಫೋಟೋಗೆ ನಿಂತರೆ ಹಿಂದಿನಿಂದ ಯಾರಾದರೂ ಅಂದೇ ಅನ್ನುವರು: "ಮಾರ್ಕರ್ ಆಡಿದ್ದಿದ್ರೆ ಕಥೆ ಬೇರೆ ಇತ್ತು ಬಿಡ್ರೀ." ದಿನಾ ಸಂಜೆ ಅವನು ನನಗೆ ಸೋಲುತ್ತಿದ್ದ, ನಿಜ. ಆದರೆ ಮೆಂಬರುಗಳಿಗೆ ಚೂರು ಅಂತರದಲ್ಲಿ ಸೋತು ಕೊಡುವುದು ಮಾರ್ಕರನ ಕಸುಬಿನ ರೀತಿ. ಅದನ್ನೂ ಎಷ್ಟು ನಯವಾಗಿ ಮಾಡುತ್ತಿದ್ದ ಅಂದರೆ, ಗೆದ್ದ ನನಗೇ ಅವಮಾನ. "ಇವತ್ತು ನಿಮ್ಮೊಡ್ತ ತಡಿಯಕಾಗ್ನಿಲ್ಲ ಸಾ" ಅನ್ನುವನು. ಹಣೆಯಲ್ಲಿ ಒಂದು ಹನಿ ಬೆವರು ಇರುತ್ತಿರಲಿಲ್ಲ. ಆ ಬಲಗೈ ನೋಡಿದಾಗಲೆಲ್ಲ, ದೇವರು ಇದನ್ನು ನನಗೆ ಕೊಡದೆ ಇವನಿಗೆ ಯಾಕೆ ಕೊಟ್ಟ ಅಂತ ಕರುಬುತ್ತಿದ್ದೆ.

ಯುದ್ಧ ಮುಗಿದ ವರ್ಷ, ಹೊಸದಾಗಿ ಬಂದ ಪ್ರೆಸಿಡೆಂಟರು, ನಾನೂ ಇದ್ದ ಕಮಿಟಿಯಲ್ಲಿ ಹೇಳಿದರು: "ಈ ಸಲ ಮಾರ್ಕರ್ ಕೂಡ ಟೂರ್ನಮೆಂಟಿಗೆ ಸೇರಲಿ. ಬೂಟು ಹಾಕ್ಕೊಂಡು ಬಂದರಾಯ್ತು." ಎಲ್ಲರೂ ಹೂಂ ಅಂತ ತಲೆಯಾಡಿಸಿದರು. ಆದರೂ ತೀರ್ಮಾನ ಮುಂದಿನ ವಾರಕ್ಕೆ ಹೋಯಿತು. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು, ಜಡ್ಜಿಯ ಮುಂದೆ ವಾದಿಸಿದ ಹಾಗೆ ವಾದಿಸಿದೆ. "ಸಂಬಳಕ್ಕೆ ಆಡೋನು ಮೆಂಬರುಗಳ ಎದುರು ಕಪ್ಪಿಗೆ ಆಡಬಹುದಾ? ಎಲ್ಲಾದರೂ ಉಂಟಾ?" ನಿಯಮವೂ ನನ್ನ ಕಡೆಗೇ ಇತ್ತು. ಪ್ರೆಸಿಡೆಂಟರು ಆ ಮಾತನ್ನು ಕೈಬಿಟ್ಟರು. ಹೊರಗೆ ಬಂದರೆ ಬಾಗಿಲ ಪಕ್ಕದಲ್ಲಿ ಅವನು, ನೆಟ್ಟು ಮಡಚಿ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

ಮಾರನೆಯ ಬೆಳಿಗ್ಗೆ ನಾನೇ ಟೆನಿಸ್ ಕೋರ್ಟಿಗೆ ಹೋದೆ. "ಇವತ್ತು ಸೋಲಬೇಡ ಕಣಯ್ಯ. ನಿಜವಾಗಿ ಆಡು" ಅಂದೆ.

"ಬ್ಯಾಡಿ ಸಾ."

"ಆಡು ಅಂದೆ."

ಆಡಿದ. ನನಗೆ ಒಂದು ಗೇಮೂ ಸಿಗಲಿಲ್ಲ. ಸಾರಿಸಿದ ನೆಲ ಇನ್ನೂ ಪೂರಾ ಒಣಗಿರಲಿಲ್ಲ. ಅವನ ಚೆಂಡು ಬಿದ್ದ ಗುರುತುಗಳೆಲ್ಲ ಗೆರೆಗೆ ಒಂದು ಬೆರಳು ಒಳಗೆ, ಸಾಲಾಗಿ ಕಾಣುತ್ತಿದ್ದವು. ನಾನು ಏದುಸಿರು ಬಿಡುತ್ತಾ ನಿಂತಿದ್ದಾಗಲೇ ಅವನು ಸಗಣಿ ನೀರು ತಂದು ಅಷ್ಟನ್ನೂ ಸಾರಿಸಿಬಿಟ್ಟ.

"ಯಾರೂ ನೋಡ್ನಿಲ್ಲ ಬುಡಿ ಸಾ. ನಿಮ್ ಎಡಗಡೆ ಒಡ್ತ ಇನ್ನೊಂಚೂರು ಕೆಳಗಿಂದ ಬರ್ಲಿ" ಅಂದ.

ಅವನು ಹೇಳಿದ ಹಾಗೇ ಹೊಡೆದು ನಾಲ್ಕನೇ ಸಲವೂ ಕಪ್ಪು ಗೆದ್ದೆ.

ಎರಡು ವರ್ಷಕ್ಕೆ ಅವನು ಜ್ವರದಲ್ಲಿ ತೀರಿಕೊಂಡ. ಚನ್ನರಾಯಪಟ್ಟಣದ ಹತ್ತಿರ ಅವನ ಊರು. ಮನೆಯವರನ್ನು ಮಾತಾಡಿಸಿಕೊಂಡು ಬರೋಣ ಅಂತ ಹೋದೆ. ಅವನ ಹೆಂಡತಿ ಒಳಗಿನಿಂದ, ಪೇಪರಿನಲ್ಲಿ ಸುತ್ತಿದ್ದ ಬಿಳೀ ಬೂಟಿನ ಜೋಡಿ ತಂದು ನನ್ನ ಮುಂದೆ ಇಟ್ಟಳು. ಅಡಿಯಲ್ಲಿ ಸಗಣಿಯ ಒಂದು ಕಲೆ ಇಲ್ಲ.

"ಅದ್ಯಾವ್ದೋ ಕಪ್ಪಿನಾಟಕ್ಕೆ ಸೇರುಸ್ಕತ್ತಾರೆ ಅಂತ ಒಂದ್ವಾರ ಕುಣ್ದಾಡಿ ತಂದಿದ್ರು ಸಾ. ಒಂದ್ ದಿನಾನೂ ಆಕ್ಕಳ್ನಿಲ್ಲ. ವಕೀಲ್ರಂಗೆ ಆಡೋರು ಯಾರೂ ಇಲ್ಲ ಅಂತ್ಲೇ ಇದ್ರು. ನಿಮ್ ಕಾಲ್ಗಾದ್ರೂ ಆಯ್ತದಾ ನೋಡಿ."

ಹಾಕಿ ನೋಡಿದೆ. ನನಗೇ ಅಂತ ಹೊಲಿಸಿದ ಹಾಗೆ ಇತ್ತು.

"ಚಿಕ್ಕದಾಗುತ್ತೆ ತಾಯಿ" ಅಂದು ಬಿಚ್ಚಿಟ್ಟು ಬಂದೆ.