ಕುರ್ಚಿ ಕ್ರಾಂತಿಯ ಸಿನಿಮಾ ನೋಡಿದ ವಾರ

ಕೊಪ್ಪದಲ್ಲಿ ನಮ್ಮದೊಂದು ಬಳಗವಿದೆ. ಭಾನುವಾರ ಭಾನುವಾರ ವಕೀಲರೊಬ್ಬರ ಮಹಡಿಯಲ್ಲಿ ಸೇರಿ ಸಮಾಜವನ್ನು ಬದಲಾಯಿಸುತ್ತೇವೆ. ಎಷ್ಟು ಬದಲಾಯಿತು ಎಂದು ಮಾತ್ರ ಕೇಳಬೇಡಿ.

ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಲ್ಲೊಂದು ಹಾಸ್ಯದ ಸಿನಿಮಾ ಹಾಕಿದ್ದರು. ಕುರ್ಚಿ ಬಿಟ್ಟೇಳದ ನಾಲ್ವರು ಕ್ರಾಂತಿಕಾರಿಗಳ ಕತೆ. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ. ಇವರು ಅದನ್ನು ಆರಿಸುವುದು ತತ್ವಕ್ಕೆ ಸರಿಯೋ ತಪ್ಪೋ ಎಂದು ಕಾಫಿ ಹೀರುತ್ತ ಚರ್ಚಿಸುತ್ತಿದ್ದಾರೆ. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಕೀಲರಂತೂ ಕಣ್ಣೊರೆಸಿಕೊಂಡು, "ಬೆಂಗಳೂರಲ್ಲಿ ಇಂಥವ್ರೇ ತುಂಬಿದಾರೆ ಮಾರಾಯ" ಎಂದರು. ನನಗೆ ಮೈಯೆಲ್ಲ ಉರಿಯಿತು.

ಉರಿಯದೆ ಏನು? ಹಿಂದಿನ ಎರಡು ವಾರವೂ ನಾನು ಇವರನ್ನೇ ಗೋಗರೆದಿದ್ದೆ. ಮೆಣಸೆಯ ಕಡೆ ನಮ್ಮ ಮನೆ ಹಳ್ಳದ ಆಚೆಗಿದೆ. ದಾಟಲು ಇದ್ದ ಮರದ ಸಂಕ ಕೊಳೆತು ಲಡ್ಡಾಗಿ ಮುರಿದುಬಿದ್ದಿತ್ತು. ಮಂಗಳವಾರ ಅಮ್ಮನ ಕಣ್ಣಿನ ಆಪರೇಷನ್. ಒಂದು ಕಣ್ಣು ಆಗಲೇ ಹೋಗಿದೆ, ಉಳಿದದ್ದೂ ಮಂಜು. ಹೊಸ ಮರ ಕಡಿಸಿಟ್ಟಿದ್ದೆ. ಎತ್ತಿ ಹಾಕಲು ನಾಲ್ಕು ಜನ ಬೇಕಿತ್ತು, ಅಷ್ಟೇ. ನಮ್ಮ ಕಡೆ ಇರುವುದು ಇನ್ನೊಂದೇ ಮನೆ, ಅಲ್ಲಿಯವನ ಸೊಂಟ ಹಿಡಿದಿತ್ತು.

ಸಿನಿಮಾ ಮುಗಿದ ಮೇಲೆ ಮತ್ತೆ ಕೇಳಿದೆ.

"ಸಂಕ ಹಾಕೋದು ಸರ್ಕಾರದ ಕೆಲ್ಸ. ನಾವು ಹಾಕಿಕೊಟ್ರೆ ಅವ್ರು ಪಾರಾಗ್ತಾರೆ" ಎಂದರು ವಕೀಲರು. ಉಳಿದವರು ಹೌದೌದೆಂದು ತಲೆಯಾಡಿಸಿದರು.

"ಹಾಗಾದ್ರೆ ನಮ್ಮಮ್ಮ ಎಂತ ಮಾಡ್ಬೇಕು?"

"ಅದನ್ನೇ ನಾವು ಪ್ರಶ್ನೆ ಮಾಡಣ."

ಬಾಯಲ್ಲೇ ಮನೆ ಕಟ್ಟುವವರ ಹತ್ತಿರ ವಾದ ಮಾಡಿ ನನ್ನ ಗಂಟಲು ಒಣಗಿದ್ದಷ್ಟೇ ಬಂತು.

ಮಂಗಳವಾರ ಬೆಳಗ್ಗೆ ಅಮ್ಮನನ್ನು ಬೆನ್ನ ಮೇಲೆ ಹೊತ್ತು ಹಳ್ಳಕ್ಕೆ ಇಳಿದೆ. ನೀರು ತೊಡೆಯ ತನಕ ಇತ್ತು. ತಲೆಯೆತ್ತಿದರೆ ಆಚೆ ದಡದಲ್ಲಿ ಇಡೀ ಬಳಗ ನಿಂತಿದೆ, ಬ್ಯಾನರ್ ಸಮೇತ! ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೆ ಖುಷಿಯೇ ಆಯಿತು. ಅಷ್ಟರಲ್ಲಿ ವಕೀಲರು ಮೊಬೈಲ್ ಎತ್ತಿ ಹಿಡಿದರು.

"ನಡು ಹಳ್ಳದಲ್ಲೇ ಸ್ವಲ್ಪ ನಿಲ್ಲು ಮಾರಾಯ, ವಿಡಿಯೋ ಸರಿ ಬರ್ಲಿ."

ಕಾಲಡಿಯ ಕಲ್ಲು ಪಾಚಿಗಟ್ಟಿ ಜಾರುತ್ತಿತ್ತು. ಬಾಯಿಗೆ ಬಂದ ಬೈಗುಳವನ್ನೆಲ್ಲ ಅಮ್ಮನಿಗೋಸ್ಕರ ನುಂಗಿಕೊಂಡೆ. ಅವಳಿಗೆ ಅವರು ಬರೀ ನೆರಳಿನ ಹಾಗೆ ಕಂಡಿರಬೇಕು. ನನ್ನ ಕುತ್ತಿಗೆಯಿಂದ ಒಂದು ಕೈ ಬಿಡಿಸಿ ದಡದ ಕಡೆ ಚಾಚಿದಳು.

"ಯಾರೋ ಪುಣ್ಯಾತ್ಮರು ಬಂದಿದಾರಲ್ಲ. ಹಿಡ್ಕಳಿ ಅಪ್ಪಾ" ಎಂದಳು.

ಯಾರೂ ಹಿಡಿಯಲಿಲ್ಲ. ದಡ ನಾನೇ ಹತ್ತಿದೆ. ಅಮ್ಮ ಕೈ ಚಾಚಿದ್ದು ವಿಡಿಯೋದಲ್ಲಿ ತುಂಬಾ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ.