ಭಾವನಿಗಿಂತ ಎರಡು ಸೆಂಟ್ ಹೆಚ್ಚು

ಗೋಣಿಬೀಡಿನ ಹತ್ತಿರ ಹದಿಮೂರು ಎಕರೆ ರೋಬಸ್ಟಾ ತೋಟವಿರುವ ಮಂಚೇಗೌಡರು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವರು. ಆಮೇಲೆ ಮಾಸ್ತರರ ಹಂಗೇ ಬೇಡವೆಂದು ಇಂಗ್ಲಿಷನ್ನು ಗೊಬ್ಬರದ ಚೀಲದ ಮೇಲಿನ ಬರಹದಿಂದ ಕಲಿತರು. ಹೋಮಿಯೋಪತಿಯನ್ನು ಆಲ್ದೂರಿನಲ್ಲಿ ಕೊಂಡ ಹಳೆಯ ಪುಸ್ತಕದಿಂದ ಕಲಿತರು. ಜಾತಕ ನೋಡುವುದನ್ನು ತಮ್ಮ ಜಾತಕವನ್ನೇ ಮೂರು ಸಲ ತಪ್ಪಾಗಿ ನೋಡಿಕೊಂಡು ಕಲಿತರು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರ ಕೈಗೆ ಮನಶ್ಶಾಸ್ತ್ರ ಸಿಕ್ಕಿತು. ಮಂಗನ ಕೈಗೆ ಮಾಣಿಕ್ಯ ಎಂದು ಈಗ ಅವರೇ ಹೇಳಿಕೊಂಡು ನಗುತ್ತಾರೆ. ಆಗ ಮಾತ್ರ, ಪಾಪ, ಮಾಣಿಕ್ಯಕ್ಕೇ ತಕ್ಕ ಕೈ ಸಿಕ್ಕಿತು ಎಂದುಕೊಂಡಿದ್ದರು.

ಮೂಡಿಗೆರೆಯ ಲೈಬ್ರರಿಯಿಂದ ತಂದ ಆ ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಮೊದಲ ಹದಿನಾರು ಪುಟಗಳೂ ಇರಲಿಲ್ಲ. ಉಳಿದದ್ದರಲ್ಲಿ ಗೌಡರಿಗೆ ದಕ್ಕಿದ್ದು ಇಷ್ಟು: ನಮಗೆ ತಿಳಿದಿರುವ ಮನಸ್ಸಿನ ಕೆಳಗೆ ತಿಳಿಯದ ಮನಸ್ಸೊಂದಿದೆ. ನಮ್ಮದೆಂದು ಒಪ್ಪಿಕೊಳ್ಳಲು ನಾಚಿಕೆಯಾಗುವ ಗುಣಗಳನ್ನೆಲ್ಲ ನಾವು ಅಲ್ಲಿ ಹೂತು, ಮೇಲೆ ಮಣ್ಣೆಳೆದು, ಅವು ಪಕ್ಕದವನ ಗುಣಗಳೆಂದು ಬೈಯುತ್ತ ತಿರುಗುತ್ತೇವೆ. ಕನಸು ಆ ಮಣ್ಣನ್ನು ಕೆದಕುವ ಕಾಡುಹಂದಿ. ಬೆಳಿಗ್ಗೆ ಎದ್ದು, ಹಂದಿ ಏನು ಎತ್ತಿ ಹಾಕಿದೆ ಎಂದು ನೋಡುವವನು ಬೆಳೆಯುತ್ತಾನೆ. ನೋಡದವನು ಬರೀ ಮುದುಕನಾಗುತ್ತಾನೆ. ಹಂದಿಯ ಹೋಲಿಕೆ ಪುಸ್ತಕದ್ದಲ್ಲ, ಗೌಡರದು. ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು.

ವಿದ್ಯೆ ಬಂದ ಮೇಲೆ ಕೈಕಟ್ಟಿ ಕೂರುವುದುಂಟೆ? ತೋಟದ ಕೆಲಸಕ್ಕೆ ಬರುವ ಜವರಮ್ಮನಿಗೆ ಇಂಬಳ ಕಂಡರೆ ಭಯ. ಗೌಡರು ಅವಳನ್ನು ಕಣದ ಕಟ್ಟೆಯ ಮೇಲೆ ಕೂರಿಸಿ, ಸಣ್ಣವಳಿದ್ದಾಗ ನಿಮ್ಮಪ್ಪ ಹೊಡೆಯುತ್ತಿದ್ದನೇ ಎಂದು ವಿಚಾರಿಸಿದರು.

"ನಮ್ಮಪ್ಪ ದೇವ್ರಂಥೋನು ಗೌಡ್ರೆ," ಎಂದಳು ಜವರಮ್ಮ. "ಇಂಬಳ ಕಚ್ಚತ್ತೆ, ರಕ್ತ ಹೀರತ್ತೆ. ಅದಕ್ಕೆ ಹೆದ್ರಿಕೆ. ನಿಮಗೆ ಹೆದ್ರಿಕೆ ಇಲ್ದಿದ್ರೆ ನೀವೇ ಹೋಗಿ ಕಳೆ ಕೀಳಿ."

ಹೆಂಡತಿ ವಿಮಲಮ್ಮನ ಮೇಲೆ ನಡೆಸಿದ ಪ್ರಯೋಗವಂತೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. "ಕನಸಿಗೆಲ್ಲ ಅರ್ಥ ಇರುತ್ತೆ ಕಣೇ," ಎಂದರೆ, "ಇರುತ್ತೆ. ಹಲಸಿನ ಹಣ್ಣು ಹೆಚ್ಚಾಯ್ತು ಅಂತ ಅರ್ಥ," ಎಂದು ಸಾರಿಗೆ ಒಗ್ಗರಣೆ ಹಾಕಿದರು.

ಹೀಗಾಗಿ ಗೌಡರಿಗೆ ತಮ್ಮ ಕನಸುಗಳೇ ಗತಿಯಾದವು. ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆಯತೊಡಗಿದರು. ಅದರಲ್ಲಿ ಒಂದು ಕನಸು ಐದಾರು ಸಲ ಬಂದಿತ್ತು. ಹಳ್ಳದಾಚೆಯ ಸುಬ್ಬೇಗೌಡರ ಅಂಗಳ. ಅಲ್ಲಿ ಮಳೆ ಅಳೆಯುವ ಡಬ್ಬಿ. ಯಾರೋ ಬೆನ್ನು ಹಾಕಿ ಕುಕ್ಕುರುಗಾಲಲ್ಲಿ ಕೂತು ಚೊಂಬಿನಿಂದ ಡಬ್ಬಿಗೆ ನೀರು ಹೊಯ್ಯುತ್ತಿದ್ದಾನೆ. ಗೌಡರು ಕಳ್ಳ ಸಿಕ್ಕನೆಂದು ಅವನ ಸ್ವೆಟರು ಹಿಡಿದೆಳೆಯುತ್ತಾರೆ. ನೋಡಿದರೆ ಅದು ತಮ್ಮದೇ ಖಾಕಿ ಸ್ವೆಟರು, ಮೊಣಕೈಗೆ ವಿಮಲಮ್ಮ ಹಾಕಿದ ತೇಪೆ ಸಮೇತ. ಇದಕ್ಕೆ ಗೌಡರು ಕೆಳಗೆ ಬರೆದ ಷರಾ: "ಸುಬ್ಬೇಗೌಡ ಸ್ವೆಟರು ಕದಿಯುವಂಥವನೂ ಹೌದು."

ಸುಬ್ಬೇಗೌಡರು ವಿಮಲಮ್ಮನ ಅಣ್ಣ. ಎಂದರೆ ಗೌಡರಿಗೆ ಭಾವ. ಇಬ್ಬರೂ ಮಾತು ಬಿಟ್ಟು ಏಳು ವರ್ಷ. ಕಾರಣ ಆಸ್ತಿಯಲ್ಲ, ಬೇಲಿಯಲ್ಲ, ಮಳೆ.

ಇಲ್ಲಿಯ ಕಾಫಿ ಬೆಳೆಗಾರ ಮಳೆಗಾಲದಲ್ಲಿ ಬೆಳಿಗ್ಗೆ ಎಂಟಕ್ಕೆ ದೇವರಿಗೆ ಕೈ ಮುಗಿಯದಿದ್ದರೂ ರೈನ್‌ಗೇಜಿನ ಮುಂದೆ ಬಗ್ಗುತ್ತಾನೆ. ಡಬ್ಬಿಯ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು ಎಷ್ಟು, ಸೆಂಟ್ ಎಷ್ಟು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾನೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಆಮೇಲೆ ಫೋನು ಎತ್ತಿ, ಹೆಂಡಿರು ಮಕ್ಕಳ ಕ್ಷೇಮ ಕೇಳುವ ಮೊದಲು, "ನಿಮ್ಮಲ್ಲೆಷ್ಟು?" ಎನ್ನುತ್ತಾನೆ. ಹೆಚ್ಚು ಮಳೆ ಬಿದ್ದವನು ಅದನ್ನು ತಾನೇ ಸುರಿಸಿದವನಂತೆ ಎದೆ ಉಬ್ಬಿಸುತ್ತಾನೆ.

ಸುಬ್ಬೇಗೌಡರ ತೋಟ ಪಡುವಣಕ್ಕೆ ಮುಖ ಮಾಡಿದ ಗುಡ್ಡದಲ್ಲಿದೆ. ಮೋಡ ಮೊದಲು ತಾಗುವುದು ಅಲ್ಲೇ. ಅವರಲ್ಲಿ ಹತ್ತು ಸೆಂಟ್ ಹೆಚ್ಚೇ ಬೀಳಬೇಕು, ಬೀಳುತ್ತಿತ್ತು. ಮಂಚೇಗೌಡರ ತಲೆ ಇದನ್ನು ಒಪ್ಪುತ್ತಿತ್ತು, ಹೊಟ್ಟೆ ಒಪ್ಪುತ್ತಿರಲಿಲ್ಲ. ಅದಕ್ಕೆ ಅವರು ಭಾವನ ಫೋನು ಬರುವವರೆಗೂ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಭಾವ ಮೂರು ಇಂಚು ನಲವತ್ತು ಎಂದರೆ ಇವರು ಮೂರು ನಲವತ್ತೆರಡು ಎಂದು ಬರೆಯುತ್ತಿದ್ದರು. ಮಳೆಗೆ ಫೋನು ಸತ್ತ ದಿನಗಳಲ್ಲಿ ಭಾವನದೆಷ್ಟಿರಬಹುದೆಂದು ಊಹಿಸಿ ಅದಕ್ಕೂ ಎರಡು ಸೇರಿಸುತ್ತಿದ್ದರು. ದುರಾಸೆಯವರಲ್ಲ, ಎರಡೇ ಸೆಂಟ್.

ಏಳು ವರ್ಷದ ಹಿಂದೆ ಬೆಳೆಗಾರರ ಸಭೆಯಲ್ಲಿ ಸುಬ್ಬೇಗೌಡರು ತಮ್ಮ ಜುಲೈ ತಿಂಗಳ ಮಳೆಯನ್ನು ಓದಿದಾಗ ಇವರು ಎದ್ದು ನಿಂತು, "ಆ ಡಬ್ಬಿಗೆ ರಾತ್ರಿ ನೀವೇ ಎದ್ದು ಹೋಗಿ ಉಚ್ಚೆ ಹೊಯ್ದು ಬರ್ತೀರೇನು ಭಾವ?" ಎಂದುಬಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ಸುಬ್ಬೇಗೌಡರು ಚೀಟಿ ಮಡಚಿಕೊಂಡು ಹೊರಟುಹೋದರು. ಮರುದಿನ ಡಬ್ಬಿಯನ್ನು ಬುಡಸಹಿತ ಕಿತ್ತು, ಮೂವತ್ತು ವರ್ಷದ ರಿಜಿಸ್ಟರುಗಳನ್ನು ಬಚ್ಚಲೊಲೆಗೆ ಹಾಕಿದರು.

ಈ ಫೆಬ್ರವರಿಯಲ್ಲಿ, ಕೊಯ್ಲು ಮುಗಿದು ಕಾಫಿ ಒಣಗುತ್ತಿದ್ದಾಗ, ಸುಬ್ಬೇಗೌಡರ ಮೊಮ್ಮಗಳು ರಕ್ಷಾ ಸ್ಕೂಟರಿನಲ್ಲಿ ಬಂದಳು. ಕೃಷಿ ಓದುತ್ತಿರುವ ಹುಡುಗಿ. ಮಳೆಗಾಲದ ಮಳೆಗೂ ಕಾಫಿ ಕಾಯಿ ಉದುರುವುದಕ್ಕೂ ಇರುವ ಸಂಬಂಧದ ಮೇಲೆ ಪ್ರಬಂಧ ಬರೆಯುತ್ತಿದ್ದಳು.

"ಅಜ್ಜ, ನಿಮ್ಮ ಮಳೆ ರಿಜಿಸ್ಟರ್ ಬೇಕಿತ್ತು. ಈ ಹಳ್ಳದ ಸುತ್ತ ಅಷ್ಟು ವರ್ಷದ್ದು ಇರೋದು ನಿಮ್ಮತ್ರ ಮಾತ್ರ."

"ಯಾರು ಹೇಳಿದ್ದು?"

"ನಮ್ಮಜ್ಜನೇ. 'ಅವನ ಬಾಯಿ ಸರಿ ಇಲ್ಲ, ಆದ್ರೆ ಲೆಕ್ಕ ಕಣ್ಣಿಗೆ ಒತ್ಕೊಳ್ಳೋ ಹಂಗಿರತ್ತೆ, ಹೋಗಿ ಇಸ್ಕೊಂಡು ಬಾ' ಅಂದ್ರು. ನಿಮ್ಮ ಹೆಸರು ಪ್ರಬಂಧದಲ್ಲಿ ಹಾಕ್ತೀನಿ ಅಜ್ಜ."

ಗೌಡರು ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟರು. ಸೋಮವಾರ ಬಾ ಎಂದು ಕಳಿಸಿದರು.

ನಾಲ್ಕು ದಿನ ಅವರು ಕೆಂಪು ರಟ್ಟಿನ ರಿಜಿಸ್ಟರುಗಳನ್ನು ತೆಗೆಯುವುದು, ಮುಚ್ಚುವುದು. ಕೊಟ್ಟುಬಿಟ್ಟರೆ ಯಾರಿಗೂ ಗೊತ್ತಾಗದು. ಎಸ್ಸೆಸ್ಸೆಲ್ಸಿ ಫೇಲಾದವನ ಹೆಸರು ಪ್ರಬಂಧದಲ್ಲಿ ಅಚ್ಚಾಗುತ್ತದೆ. ಆದರೆ ಆ ಮಗು ಅದರ ಮೇಲೆ ವಿದ್ಯೆ ಕಟ್ಟುತ್ತದೆ, ಮತ್ತು ಅದನ್ನು ನಂಬು ಎಂದು ಕಳಿಸಿದವನು ಯಾರು? ಮೂರನೆಯ ದಿನ ಕನಸಿನ ನೋಟ್‌ಬುಕ್ಕು ತಿರುವುತ್ತಿದ್ದಾಗ ಸ್ವೆಟರಿನ ಷರಾ ಕಣ್ಣಿಗೆ ಬಿತ್ತು. ಮೈಮೇಲೆ ಅದೇ ಸ್ವೆಟರು ಇತ್ತು. ಗೌಡರು ಮೊಣಕೈಯ ತೇಪೆಯನ್ನು ಬಹಳ ಹೊತ್ತು ನೋಡಿದರು. ಊರಿನವರ ತಲೆಯನ್ನೆಲ್ಲ ಅಗೆದು ನೋಡಲು ಹೊರಟ ಪಂಡಿತನಿಗೆ ತನ್ನ ಬಟ್ಟೆಯ ಗುರುತು ಹತ್ತಲು ಮೂರು ತಿಂಗಳು ಬೇಕಾಗಿತ್ತು.

ಅಡುಗೆಮನೆಗೆ ಹೋಗಿ ವಿಮಲಮ್ಮನಿಗೆ ಎಲ್ಲ ಹೇಳಿದರು.

"ನಂಗೊತ್ತು," ಎಂದರು ವಿಮಲಮ್ಮ.

"ಗೊತ್ತಾ? ಹೇಗೆ?"

"ನೀರು ಚೆಲ್ಲಿ ಗಾಜು ತೊಳೆದಿಟ್ಟು, ಆಮೇಲೆ ಫೋನಿಗೆ ಕಾಯ್ತಾ ಕೂರ್ತಿದ್ರಿ. ಬರೆಯೋದು ಆಮೇಲೆ. ಕುರುಡೀನಾ ನಾನು?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಕೇಳೋರಾಗಿದ್ರೆ ಆ ಹರಕು ಪುಸ್ತಕ ಯಾಕೆ ಬೇಕಿತ್ತು ನಿಮಗೆ? ಹೋಗಿ ಅಣ್ಣಂಗೆ ಹೇಳಿ. ನನ್ನತ್ರ ಹೇಳಿದ್ರೆ ಏನ್ ಬಂತು?"

ಸೋಮವಾರ ರಕ್ಷಾಳಿಗೆ ರಿಜಿಸ್ಟರುಗಳನ್ನು ಕೊಟ್ಟು, "ಇತ್ತೀಚಿನ ಏಳು ವರ್ಷದ್ದು ಸತ್ಯ ಮಗಾ, ಸೋಲಿಸೋಕೆ ಯಾರೂ ಇರ್ಲಿಲ್ಲ. ಅದಕ್ಕೂ ಹಿಂದಿನ ಮಳೆಗಾಲದ್ದು ನಂಬ್ಬೇಡ," ಎಂದರು.

"ಅಜ್ಜಾ! ನಂಗೆ ಬೇಕಿದ್ದಿದ್ದೇ ಆ ಹಳೇ ಮಳೆಗಾಲದ್ದು!" ಹುಡುಗಿ ಅಳುವುದೊಂದು ಬಾಕಿ. ಗೌಡರು ಅವಳ ಸ್ಕೂಟರಿನ ಹಿಂದೆಯೇ ಕೂತು ಹಳ್ಳದಾಚೆ ಹೋದರು.

ಸುಬ್ಬೇಗೌಡರು ಕಣದಲ್ಲಿ ಕಾಫಿ ಕೆದಕುತ್ತಿದ್ದರು. ತಲೆ ಎತ್ತಲಿಲ್ಲ. ಗೌಡರು ನಿಂತುಕೊಂಡೇ ಎಲ್ಲ ಒಪ್ಪಿಸಿದರು. ತಿಳಿದ ಮನಸ್ಸು, ತಿಳಿಯದ ಮನಸ್ಸು, ಹಂದಿ, ಯಾವುದನ್ನೂ ಬಿಡಲಿಲ್ಲ.

"ಹಂದಿ ವಿಷಯ ಬಿಡು ಮಾರಾಯ," ಎಂದರು ಸುಬ್ಬೇಗೌಡರು. "ನಾನು ಮೂವತ್ತು ವರ್ಷ ಒಂದು ಸೆಂಟ್ ಆಚೀಚೆ ಬರ್ದಿಲ್ಲ. ಎಲ್ಲಾ ಬೂದಿ ಮಾಡ್ದೆ. ಈಗ ಈ ಹುಡ್ಗಿಗೆ ನಿಜವಾದ ಲೆಕ್ಕ ಎಲ್ಲಿಂದ ತರ್ಲಿ?"

"ತಪ್ಪಾಯ್ತು ಭಾವ."

"ನನ್ನತ್ರ ಗುಟ್ಟಾಗಿ ಹೇಳಿದ್ರೆ ಆಗ್ಲಿಲ್ಲ. ಸಭೇಲಿ ಅಂದಿದ್ದು, ಸಭೇಲೇ ಹೇಳು."

ಮಾರ್ಚ್ ತಿಂಗಳ ಸಭೆಯಲ್ಲಿ ಗೌಡರು ಎದ್ದು ನಿಂತರು. ಆಸೆ ನೋಡಿ, ಪೀಠಿಕೆಯಾಗಿ ಹತ್ತು ನಿಮಿಷ ಮನಶ್ಶಾಸ್ತ್ರ ಹೇಳಿದರು. ಕಾರ್ಯದರ್ಶಿ ಅರುಣ್ ಗಡಿಯಾರ ನೋಡಿ, "ಗೌಡ್ರೆ, ಮೆಣಸಿನ ಸೊರಗು ರೋಗದ ವಿಷಯ ಬಾಕಿ ಇದೆ," ಎಂದ.

"ನಮ್ಮ ಭಾವ ಸುಳ್ಳು ಮಳೆ ಬರೆದವರಲ್ಲ. ಬರೆದವನು ನಾನು," ಎಂದುಬಿಟ್ಟರು ಗೌಡರು.

ಯಾರೂ ನಗಲಿಲ್ಲ. ನಾಲ್ಕೈದು ಜನ ಬೆಳೆಗಾರರು ಒಮ್ಮೆಲೇ ಫ್ಯಾನು ನೋಡತೊಡಗಿದರು. ಚಪ್ಪಾಳೆಯೂ ಬರಲಿಲ್ಲ, ಒಂದಿಷ್ಟು ಬಂದೀತು ಎಂದು ಒಳಗೊಳಗೇ ಕಾದಿದ್ದು ಗೌಡರಿಗೆ ಆಗ ಗೊತ್ತಾಯಿತು. ಹಿಂದಿನ ಸಾಲಿನಿಂದ ಸುಬ್ಬೇಗೌಡರು, "ನಡಾವಳಿ ಪುಸ್ತಕದಲ್ಲಿ ಬರ್ಕೊಳಪ್ಪ, ಓದಿ ಹೇಳು," ಎಂದರು. ಅರುಣ್ ಬರೆದು ಓದಿದ. ಒಂದೂವರೆ ಸಾಲಾಯಿತು. ಮೂವತ್ತು ವರ್ಷದ ಒಳಮನಸ್ಸು ಒಂದೂವರೆ ಸಾಲು! ಗೌಡರು ಅದರ ಕೆಳಗೆ ರುಜು ಹಾಕಿದರು.

ಹೊರಗೆ ಬಸ್ಸಿಗೆ ನಿಂತಿದ್ದಾಗ ಸುಬ್ಬೇಗೌಡರ ಜೀಪು ಬಂದು ನಿಂತಿತು.

"ಹತ್ತು," ಎಂದರು ಸುಬ್ಬೇಗೌಡರು.

ಎರಡು ಮೈಲಿ ದಾಟಿದ ಮೇಲೆ ಸುಬ್ಬೇಗೌಡರು ರಸ್ತೆ ನೋಡುತ್ತಲೇ, "ಈ ಸಲ ನಮ್ಮಲ್ಲಿ ಮೆಣಸು ಎಂಟು ಕ್ವಿಂಟಾಲ್ ಆಯ್ತು. ನಿನ್ನದೆಷ್ಟು?" ಎಂದರು.

ಗೌಡರ ನಾಲಿಗೆ ತುದಿಗೆ "ಎಂಟೂಕಾಲು" ಬಂದು ನಿಂತಿತ್ತು. ಬಾಯಿ ಮುಚ್ಚಿಕೊಂಡು ಒಂದು ತಿರುವು ದಾಟಿಸಿದರು.

"ಆರೂವರೆ," ಎಂದರು.